ಪಕ್ಕದ ಸೀಟಿನ ಹಿರಿಯರಿಗೆ

ಐಸ್ ಹಾಕಿ ಪಂದ್ಯದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ವರ್ಷಗಟ್ಟಲೆ ಟಿವಿಯಲ್ಲಿ ನೋಡಿದ್ದರೂ ಈ 'ಐಸಿಂಗ್' ಎಂಬ ನಿಯಮ ನನ್ನ ತಲೆಗೆ ಹತ್ತಿರಲಿಲ್ಲ. ವಿಸಿಲ್ ಊದಿದಾಗಲೆಲ್ಲ ಪೆಚ್ಚಾಗಿ ಕೂರುತ್ತಿದ್ದೆ. ನೀವು ಮೊಣಕಾಲ ಮೇಲೆ ಬೆರಳಲ್ಲೇ ಅಂಕಣ ಬರೆದು ತೋರಿಸಿದಿರಿ: ನಡುವಿನ ಕೆಂಪು ಗೆರೆಗಿಂತ ಹಿಂದಿನಿಂದ ಹೊಡೆದ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಯಾರಿಗೂ ತಾಗದೆ ಎದುರಾಳಿಯ ಗೋಲಿನ ಗೆರೆ ದಾಟಿದರೆ ಆಟ ನಿಲ್ಲುತ್ತದೆ, ಹೊಡೆದವರ ಗೋಲಿನ ಕಡೆಯಿಂದಲೇ ಮತ್ತೆ ಶುರು. ಅಷ್ಟೇನಾ!

ಆಮೇಲೆ ನನ್ನ ಅಂಗಿಯ ಮೇಲಿದ್ದ, 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ ಬಿಲ್ಲೆ ನಿಮ್ಮ ಕಣ್ಣಿಗೆ ಬಿತ್ತು. ವಿರಾಮ ಪೂರ್ತಿ ಅದೇ ಮಾತು. 1966ರಿಂದ 1969ರವರೆಗಿನ 79 ಕಂತುಗಳನ್ನೂ ನೋಡಿದವನೆಂಬ ಜಂಬ ನನಗಿತ್ತು. ಅದರಲ್ಲಿ ನೌಕೆಯ ಎಂಜಿನಿಯರ್ ಸ್ಕಾಟಿಯ ಪಾತ್ರ ಮಾಡಿದ ಜೇಮ್ಸ್ ಡೂಹನ್ ಎರಡನೇ ಮಹಾಯುದ್ಧದಲ್ಲಿ ಕೆನಡಾದ ಸೈನಿಕರಾಗಿ 1944ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಇಳಿದವರು, ಗುಂಡೇಟಿಗೆ ಬಲಗೈಯ ನಡುಬೆರಳು ಕಳೆದುಕೊಂಡಿದ್ದರು, ಅದು ಕ್ಯಾಮೆರಾಕ್ಕೆ ಆದಷ್ಟು ಕಾಣದಂತೆ ನಟಿಸುತ್ತಿದ್ದರು ಎಂದು ನೀವು ಹೇಳಿದ್ದೇ ತಡ, ಜಂಬ ಇಳಿಯಿತು. ಆ ರಾತ್ರಿ ಹಳೆಯ ಕಂತು ಹಾಕಿ, ಕತೆ ಬಿಟ್ಟು ಬರೀ ಆ ಕೈಯನ್ನೇ ಹುಡುಕುತ್ತಾ ಕೂತೆ.

ಮೂರನೇ ಅವಧಿಯಲ್ಲಿ ನನ್ನ ತಂಡ ಸೋತಿತು, ಹೋಗಲಿ. ನನ್ನ ಎರಡೂ ಹುಚ್ಚನ್ನು ನಗದೆ ಕೇಳಿಸಿಕೊಂಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್.