ಆವತ್ತು ಮೀನು ಕೊಡದೆ ವಾಪಸ್ ಕಳಿಸಿದ ತಮ್ಮನಿಗೆ

ಇವತ್ತಿಗೆ ನಮ್ಮ ಕೆಂಚಿ ಹೋಗಿ ಒಂದು ವರ್ಷ. ಬೆಳಿಗ್ಗೆ ಬೇಗ ಎದ್ದೆ. ಹೊಲಿಗೆ ಮಷೀನಿನ ಪಕ್ಕ ಇರುವ ಮೀನಿನ ತೊಟ್ಟಿಗೆ ಲೈಟ್ ಹಾಕಿ, ಒಂದು ಚಿಟಿಕೆ ಆಹಾರ ಉದುರಿಸಿ, ಇದನ್ನು ಬರೆಯಲು ಕೂತಿದ್ದೇನೆ. ಈ ಒಂದು ವರ್ಷದಲ್ಲಿ ನನ್ನ ಕೈ ಹಿಡಿದವರು ತುಂಬ ಜನ. ಎದುರಿಗೆ ಸಿಕ್ಕಾಗ ಹೇಳೋಣ ಅಂತ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಕೆಂಚಿಯನ್ನು ನೋಡದವರಿಗೆ ಎರಡು ಮಾತು. ಅವಳು ಬೀದಿ ನಾಯಿಯ ಮರಿ. ಹದಿಮೂರು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ, ಶಿವಮೊಗ್ಗದ ನಮ್ಮ ಮನೆ ಗೇಟಿನ ಹೊರಗೆ ನಿಂತಿದ್ದ ಆಟೋ ಕೆಳಗೆ ನಡುಗುತ್ತ ಕೂತಿದ್ದಳು. ಕೈಗೆ ಸಿಕ್ಕ ಲೈನಿಂಗ್ ಬಟ್ಟೆಯಲ್ಲಿ ಒರೆಸಿ ಒಳಗೆ ತಂದೆ. ಆ ಬಟ್ಟೆಯನ್ನು ಅವಳು ಕೊನೆಯವರೆಗೂ ಬಿಡಲಿಲ್ಲ. ನಾನು ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುವವಳು. ಮಷೀನಿಗೂ ಗೋಡೆಗೂ ನಡುವೆ ಇರುವ ಒಂದೂವರೆ ಅಡಿ ಜಾಗ ಅವಳದು. ನಾನು ಪೆಡಲ್ ತುಳಿಯುವಾಗ ನನ್ನ ಎಡಗಾಲಿಗೆ ಬೆನ್ನು ತಾಗಿಸಿ ಮಲಗುತ್ತಿದ್ದಳು. ಮಷೀನಿನ ಸದ್ದಿಗೆ ನಿದ್ದೆ, ಸದ್ದು ನಿಂತರೆ ಎಚ್ಚರ. ದಾರ ಪೋಣಿಸಲು ನಿಲ್ಲಿಸಿದರೂ ಕತ್ತೆತ್ತಿ ನೋಡುತ್ತಿದ್ದಳು.

ಕಳೆದ ವರ್ಷ ಬೇಸಿಗೆಯಲ್ಲಿ ಅವಳು ನೀರು ಜಾಸ್ತಿ ಕುಡಿಯೋಕೆ ಶುರು ಮಾಡಿದಳು. ಸೆಖೆಗೆ ಅಂದುಕೊಂಡೆ. ಊಟ ಬಿಟ್ಟ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕಿಡ್ನಿ ಅಂದರು. ಹದಿನೆಂಟು ದಿನ ಡ್ರಿಪ್ ಹಾಕಿಸಿದೆವು. ಶ್ರಾವಣದ ಒಂದು ಬೆಳಿಗ್ಗೆ, ಅದೇ ಲೈನಿಂಗ್ ಬಟ್ಟೆಯ ಮೇಲೆ, ಹೋದಳು.

ನನ್ನ ಮೊದಲ ಕೃತಜ್ಞತೆ ಅವಳನ್ನು ನೋಡಿದ ಡಾಕ್ಟರ್ ಮೇಡಂಗೆ. ಔಷಧಿಗಿಂತ ಅವರು ಆಡಿದ ಮಾತಿಗೆ. ನೀರು ಕುಡಿಯೋಕೆ ಶುರು ಮಾಡಿದಾಗಲೇ ಕರೆತಂದಿದ್ದರೆ ಉಳಿಯುತ್ತಿದ್ದಳಾ ಅಂತ ನಾನು ಕೇಳಿದೆ. ಅವರು ನನ್ನನ್ನು ಕೂರಿಸಿ ಹೇಳಿದರು. "ನೋಡಮ್ಮ, ನಾಯಿ ಹಾಗೆ ನೀರು ಕುಡಿಯೋ ಹೊತ್ತಿಗೇ ಕಿಡ್ನಿಯ ಮೂರರಲ್ಲಿ ಎರಡು ಭಾಗ ಕೆಲಸ ನಿಲ್ಲಿಸಿರುತ್ತೆ. ಕಿಡ್ನಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಲ್ಮಶ ರಕ್ತದಲ್ಲಿ ಏರೋದು ಮುಕ್ಕಾಲು ಭಾಗ ಹೋದ ಮೇಲೆ. ಅಲ್ಲಿವರೆಗೂ ಅದು ಯಾರಿಗೂ ತೋರಿಸಲ್ಲ. ನೀವು ಮೊದಲ ದಿನವೇ ಬಂದಿದ್ದರೂ ಹೋದ ಕಿಡ್ನಿ ವಾಪಸ್ ಬರ್ತಿರಲಿಲ್ಲ." ಹೊರಗೆ ಜನ ಕಾಯುತ್ತಿದ್ದರು. ಆದರೂ ಹಾಳೆಯ ಮೇಲೆ ಕಿಡ್ನಿಯ ಚಿತ್ರ ಬರೆದು ತೋರಿಸಿದರು. ಆ ಹಾಳೆ ಇನ್ನೂ ನನ್ನ ಅಳತೆ ಪುಸ್ತಕದೊಳಗೆ ಇದೆ.

ಆ ಮಾತು ನನಗೆ ಯಾಕೆ ಅಷ್ಟು ಬೇಕಿತ್ತು ಅಂತ ಹೇಳಬೇಕು. ಚಿಕ್ಕವಳಿದ್ದಾಗ ನನಗೆ ಮೀನು ಅಂದರೆ ಪ್ರಾಣ. ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ಜಾತ್ರೆಯಲ್ಲಿ ಅಪ್ಪ ಎರಡು ಕೆಂಪು ಗೋಲ್ಡ್‌ಫಿಶ್ ಕೊಡಿಸಿದ್ದರು. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಕಿದೆ. ಹತ್ತು ದಿನಕ್ಕೆ ಎರಡೂ ಮೇಲೆ ತೇಲಿದವು. ಮುಂದಿನ ವರ್ಷ ತಂದವೂ ಅಷ್ಟೇ. ಅಮ್ಮ ನನ್ನ ಅಳು ನೋಡಲಾರದೆ, "ಬಿಡೆ, ನಿನ್ನ ಕೈಗುಣ ಮೀನಿಗೆ ಆಗಿ ಬರಲ್ಲ" ಅಂದಳು. ಸಮಾಧಾನಕ್ಕೆ ಅಂದಿದ್ದು. ಆದರೆ ಹತ್ತು ವರ್ಷದ ಹುಡುಗಿಯ ತಲೆಯಲ್ಲಿ ಅದು ಕೂತುಬಿಟ್ಟಿತು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಮನೆಯವರು ಗಾಜಿನ ಬಟ್ಟಲು ತಂದುಕೊಟ್ಟರು. ಅದರ ಮೀನೂ ಉಳಿಯಲಿಲ್ಲ. ಆಮೇಲೆ ಆ ಆಸೆಯನ್ನೇ ಬಿಟ್ಟೆ. ಕೆಂಚಿ ಹೋದ ದಿನ ಮೊದಲು ನೆನಪಾಗಿದ್ದು ಆ ಮಾತೇ. ನನ್ನ ಕೈಯಲ್ಲಿ ಏನೂ ಉಳಿಯಲ್ಲ.

ಅಣ್ಣ ಓಮ್ನಿ ತಂದ. ಊರಿಗೆ ಕರೆದುಕೊಂಡು ಹೋಗಿ ಹಲಸಿನ ಮರದ ಕೆಳಗೆ ಮಣ್ಣು ಮಾಡಿದೆವು. ಸುರಿಯೋ ಮಳೆಯಲ್ಲಿ ಅವನೊಬ್ಬನೇ ಗುಂಡಿ ತೆಗೆದ. ಒಂದು ಮಾತೂ ಆಡಲಿಲ್ಲ. ಅಣ್ಣಾ, ಅದಕ್ಕೆ ಏನು ಹೇಳಲಿ ನಾನು?

ಹಾಲು ಹಾಕುವ ಹುಡುಗನಿಗೂ ಹೇಳಬೇಕು. ಅವನು ದಿನಾ ಕೆಂಚಿಗೆ ಒಂದು ಪಾರ್ಲೆ-ಜಿ ಬಿಸ್ಕತ್ತು ಕೊಡುತ್ತಿದ್ದ. ಅವಳು ಹೋದ ಮೇಲೂ ಒಂದು ವಾರ ಗೇಟಿನ ಕಟ್ಟೆ ಮೇಲೆ ಬಿಸ್ಕತ್ತು ಇರುತ್ತಿತ್ತು. ಎಂಟನೇ ದಿನ ಕೇಳಿದರೆ, "ಕೈ ಸುಮ್ನೆ ಜೇಬಿಗೆ ಹೋಗ್ತದೆ ಅಕ್ಕ" ಅಂದ. ಗೌರಿ ಹಬ್ಬಕ್ಕೆ ಕೊಡಬೇಕಿದ್ದ ಬ್ಲೌಸುಗಳನ್ನು ನಾನು ಹೊತ್ತಿಗೆ ಕೊಡಲಿಲ್ಲ. ಒಬ್ಬರೂ ಜೋರು ಮಾಡಲಿಲ್ಲ. ಹಳೇ ಬ್ಲೌಸಿನಲ್ಲೇ ಬಾಗಿನ ಕೊಟ್ಟು ಬಂದಿರಿ. ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಇನ್ನೊಂದು ಮರಿ ತಗೋ ಅಂತ ಹೇಳಿದವರು ಬಹಳ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನನಗೆ ಆಗುತ್ತಿರಲಿಲ್ಲ. ಆ ಒಂದೂವರೆ ಅಡಿ ಜಾಗದಲ್ಲಿ ಇನ್ನೊಂದು ನಾಯಿಯನ್ನು ಕಾಣುವ ಶಕ್ತಿ ನನಗೆ ಇವತ್ತಿಗೂ ಇಲ್ಲ.

ದೀಪಾವಳಿ ಬಂತು. ಪ್ರತಿ ದೀಪಾವಳಿಗೂ ಪಟಾಕಿ ಸದ್ದಿಗೆ ಹೆದರಿ ಕೆಂಚಿ ಮಷೀನಿನ ಅಡಿ ಸೇರುತ್ತಿದ್ದಳು. ನಾನು ರಾತ್ರಿಯಿಡೀ ಪೆಡಲ್ ತುಳಿಯುತ್ತಿದ್ದೆ, ಆ ಸದ್ದಿನಲ್ಲಿ ಪಟಾಕಿ ಮರೆಯಲಿ ಅಂತ. ಈ ಸಲ ಪಟಾಕಿ ಶುರುವಾದಾಗ ಕಾಲು ತಾನಾಗಿ ಪೆಡಲ್ ಮೇಲೆ ಹೋಯಿತು. ಬಟ್ಟೆ ಇಲ್ಲ, ದಾರ ಇಲ್ಲ. ಖಾಲಿ ಮಷೀನ್ ತುಳಿಯುತ್ತ ಕೂತಿದ್ದೆ. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಅಣ್ಣನಿಗೆ ಫೋನ್ ಮಾಡಿದ್ದು ಅವರೇ ಅಂತ ಆಮೇಲೆ ಗೊತ್ತಾಯಿತು.

ಅಣ್ಣ ನಮ್ಮಿಬ್ಬರನ್ನೂ ಶೃಂಗೇರಿಗೆ ಕರೆದುಕೊಂಡು ಹೋದ. ಶಾರದಾಂಬೆಯ ದರ್ಶನ ಮಾಡಿ ತುಂಗೆಯ ಮೆಟ್ಟಿಲಿಗೆ ಇಳಿದೆವು. ಅಲ್ಲಿನ ಮೀನುಗಳನ್ನು ಯಾರೂ ಹಿಡಿಯಲ್ಲ. ದೇವರ ಮೀನು ಅಂತಲೇ ನೋಡುತ್ತಾರೆ. ಒಂದು ಹಿಡಿ ಮಂಡಕ್ಕಿ ಹಾಕಿದೆ. ಕಪ್ಪು ಬೆನ್ನುಗಳು ಒಂದರ ಮೇಲೊಂದು ಎದ್ದವು. ಬಾಯಿ ತೆರೆದು ಮಂಡಕ್ಕಿ ಎಳೆದುಕೊಳ್ಳುವಾಗ ಚಪ್ ಚಪ್ ಅಂತ ಸದ್ದು. ಕೆಂಚಿ ಗಂಜಿ ಕುಡಿಯುವ ಸದ್ದು ಹಾಗೇ ಇತ್ತು. ಮೂರು ತಿಂಗಳಲ್ಲಿ ಮೊದಲ ಸಲ ನಾನು ನಕ್ಕೆ. ಅಳುತ್ತಲೇ ನಕ್ಕೆ. ಮಂಡಕ್ಕಿ ಮುಗಿದರೂ ಎದ್ದು ಬರಲು ಮನಸ್ಸಾಗಲಿಲ್ಲ.

ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ವಾ. ಶಿವಮೊಗ್ಗದಲ್ಲಿ ನಮ್ಮ ನಲ್ಲಿಗೆ ಬರೋದೂ ತುಂಗೆಯ ನೀರೇ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಈಗ ಆ ತಮ್ಮನ ವಿಷಯ. ಶೃಂಗೇರಿಯಿಂದ ಬಂದ ಎರಡನೇ ದಿನ ಮೀನಿನ ಅಂಗಡಿಗೆ ಹೋದೆ. ಎರಡಡಿಯ ತೊಟ್ಟಿ ಕೊಂಡೆ. ಮೀನು ಕೊಡಪ್ಪ ಅಂದೆ. ಇಪ್ಪತ್ತೈದು ವರ್ಷ ದಾಟಿರಲಿಕ್ಕಿಲ್ಲ ಆ ಹುಡುಗನಿಗೆ. "ಇವತ್ತು ಮೀನು ಕೊಡಲ್ಲ ಅಕ್ಕ" ಅಂದ. ದುಡ್ಡು ಕೈಯಲ್ಲಿ ಹಿಡಿದು ನಿಂತಿದ್ದೇನೆ! ಬೇಜಾರಾಯಿತು. ನನ್ನ ಮುಖ ನೋಡಿ, ಮುಂಚೆ ಸಾಕಿದ್ರಾ ಅಂತ ಕೇಳಿದ. ಎಲ್ಲ ಹೇಳಿದೆ. ಹಾರ್ಲಿಕ್ಸ್ ಬಾಟಲಿ, ಗಾಜಿನ ಬಟ್ಟಲು, ಕೈಗುಣ, ಕೆಂಚಿ ಕೂಡ.

ಅವನು ಸ್ಟೂಲ್ ಎಳೆದುಕೊಟ್ಟು ಹೇಳಿದ್ದು ಇಷ್ಟು. ಮೀನಿನ ಗಲೀಜು, ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ಅಷ್ಟು ತೊಂದರೆಯಿಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಆಯಿತು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೂ ಮೀನು ಬಿಡಬಾರದು. "ಬಾಟಲಿ ಚಿಕ್ಕದು, ವಿಷ ಬೇಗ ಏರ್ತದೆ. ನೀವು ವಾರ ವಾರ ಉಜ್ಜಿ ತೊಳೆದು ಇದ್ದಬದ್ದ ಬ್ಯಾಕ್ಟೀರಿಯಾನೂ ಚೆಲ್ಲಿದ್ರಿ. ಇಲ್ಲಿನ ಬಟ್ಟಲಿಗೆ ನಲ್ಲಿ ನೀರನ್ನ ಹಾಗೇ ಹಾಕಿದ್ರಿ, ಅದರಲ್ಲಿ ಕ್ಲೋರಿನ್. ಕೈಗುಣ ಏನೂ ಅಲ್ಲ ಅಕ್ಕ."

ಪ್ರತಿ ಭಾನುವಾರ ಆ ಬಾಟಲಿಯನ್ನು ಬೂದಿ ಹಾಕಿ ಫಳಫಳ ಹೊಳೆಯುವ ಹಾಗೆ ತೊಳೆಯುತ್ತಿದ್ದೆ. ಪ್ರೀತಿಯಿಂದಲೇ ತೊಳೆಯುತ್ತಿದ್ದೆ. ಅಂಗಡಿಯ ಆ ಸ್ಟೂಲಿನ ಮೇಲೆ ಕೂತು, ಆ ಹತ್ತು ವರ್ಷದ ಹುಡುಗಿಯನ್ನು ನೆನೆದು ಅತ್ತೆ. ಅವನು ಗಾಬರಿಯಾಗಲಿಲ್ಲ. ತನ್ನ ಹಳೇ ತೊಟ್ಟಿಯ ಸ್ಪಂಜ್ ಹಿಂಡಿ, ಆ ಕಂದು ನೀರನ್ನು ಒಂದು ಕವರಿಗೆ ಕಟ್ಟಿಕೊಟ್ಟ. "ಇದು ಹೆಪ್ಪು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ದಿನಾ ಒಂದು ಚಿಟಿಕೆ ಆಹಾರ ಹಾಕ್ತಾ ಇರಿ, ಅಲ್ಲಿ ಮೀನು ಇದೆ ಅಂದುಕೊಂಡು." ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಮನೆಯವರು ಸ್ಟ್ಯಾಂಡ್ ಮಾಡಿಸಿ, ಮಟ್ಟ ನೋಡಿ, ತೊಟ್ಟಿಯ ಅಡಿಗೆ ಥರ್ಮಾಕೋಲ್ ಹಾಕಿ ಕೊಟ್ಟರು. ಇಟ್ಟಿದ್ದು ಅದೇ ಒಂದೂವರೆ ಅಡಿ ಜಾಗದಲ್ಲಿ. ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟ ನೀರು ತುಂಬಿಸಿದೆ. ಆರು ವಾರ ಅದು ಖಾಲಿ. ಬಂದವರೆಲ್ಲ ಮೀನೆಲ್ಲಿ ಅಂತ ಕೇಳುತ್ತಿದ್ದರು. ಕೇಳದೆ ಇದ್ದವರು ಮೇಲಿನ ಮನೆ ಅಜ್ಜಿ ಒಬ್ಬರೇ. ದಿನಾ ಸಂಜೆ ಎರಡು ಲೋಟ ಕಾಫಿ ಹಿಡಿದು ಬಂದು, ಖಾಲಿ ತೊಟ್ಟಿಯ ಗುಳ್ಳೆಗಳನ್ನು ನನ್ನ ಜೊತೆ ಕೂತು ನೋಡುತ್ತಿದ್ದರು. ಅಜ್ಜೀ, ಆ ಕಾಫಿಯ ಋಣ ತೀರಿಸೋಕೆ ನನ್ನಿಂದ ಆಗಲ್ಲ.

ಅಂಗಡಿಯವನು ಪರೀಕ್ಷೆಯ ಕಿಟ್ ಕೊಟ್ಟಿದ್ದ. ಮೂರು ದಿನಕ್ಕೊಮ್ಮೆ ನೀರಿಗೆ ಹನಿ ಹಾಕಿ ಬಣ್ಣ ನೋಡುವುದು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ನಾಲ್ಕನೇ ವಾರ ಹಸಿರು ಹೋಗಿ ನೈಟ್ರೈಟಿನ ನೇರಳೆ ಗಾಢವಾಯಿತು. ಆರನೇ ವಾರ ಅದೂ ತಿಳಿ ನೀಲಿಗೆ ಬಂತು. ಬ್ಲೌಸಿಗೆ ಮ್ಯಾಚಿಂಗ್ ದಾರ ಹುಡುಕುವ ಕಣ್ಣು ನನ್ನದು, ಬಣ್ಣದಲ್ಲಿ ತಪ್ಪಲ್ಲ. ಆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ.

ಡಿಸೆಂಬರ್ ಕೊನೆಗೆ ಆರು ಗಪ್ಪಿ ಮೀನು ತಂದೆ. ಎರಡು ಗಂಡು, ನಾಲ್ಕು ಹೆಣ್ಣು. ಚಳಿಗೆ ಹೀಟರ್ ಹಾಕಿದೆ. ಕವರನ್ನು ಅರ್ಧ ಗಂಟೆ ನೀರಿನ ಮೇಲೆ ತೇಲಿಬಿಟ್ಟು, ನಿಧಾನವಾಗಿ ಒಳಗೆ ಬಿಟ್ಟೆ. ಒಂದು ಗಂಡಿಗೆ ಕೆಂಪು ಬಾಲ, ಅದರ ಅಂಚಿಗೆ ಜರಿಯ ಹಾಗೆ ಕಪ್ಪು ಗೆರೆ. ಈಗ ಮಷೀನ್ ತುಳಿಯುವಾಗ ಎಡಗಡೆ ಪಂಪಿನ ಸಣ್ಣ ಗುಂಯ್ ಸದ್ದು ಇರುತ್ತದೆ. ಬೆಳಿಗ್ಗೆ ಏಳಲು ಒಂದು ಕಾರಣ ಇರುತ್ತದೆ. ಕೆಂಚಿಯ ನೆನಪು ಕಡಿಮೆಯಾಗಿಲ್ಲ. ಆದರೆ ಎಡಗಡೆ ತಿರುಗಿ ನೋಡಲು ಹೆದರಿಕೆಯಿಲ್ಲ.

ಈ ಆಷಾಢದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕಂಬ ಬಿದ್ದು ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಪಂಪ್ ನಿಂತಿತು. ಗಾಳಿಯಾಡದಿದ್ದರೆ ಮೀನಿಗೂ ಕಷ್ಟ, ಸ್ಪಂಜಿನ ಬ್ಯಾಕ್ಟೀರಿಯಾಗಳಿಗೂ ಕಷ್ಟ. ಮಗ್ಗಿನಲ್ಲಿ ನೀರು ಎತ್ತಿ ಮೇಲಿಂದ ಸುರಿಯುತ್ತ ಕೂತೆ. ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ಟಾರ್ಚ್ ಹಿಡಿದು ಬಂದವಳು ಬೆಳಗಿನವರೆಗೂ ಹೋಗಲಿಲ್ಲ. ಅರ್ಧ ಗಂಟೆ ನಾನು, ಅರ್ಧ ಗಂಟೆ ಅವಳು. ನಿದ್ದೆ ಬರದಿರಲಿ ಅಂತ ತಾನು ಓದಿದ್ದನ್ನೆಲ್ಲ ಹೇಳುತ್ತಿದ್ದಳು. ಟ್ರಿನಿಡಾಡ್ ದ್ವೀಪದಲ್ಲಿದ್ದ ಗಪ್ಪಿ ಎಂಬುವವರ ಹೆಸರನ್ನೇ 1866ರಲ್ಲಿ ಈ ಮೀನಿಗೆ ಇಟ್ಟರಂತೆ. ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಬಂತು. ಒಂದು ಮೀನೂ ಸಾಯಲಿಲ್ಲ. ಪುಟ್ಟೀ, ನಿನ್ನ ಸಿಇಟಿ ಮುಗಿದ ಮೇಲೆ ನಿನಗೆ ಇಷ್ಟವಾದ ಬಣ್ಣದಲ್ಲಿ ಒಂದು ಲಂಗ ನನ್ನ ಲೆಕ್ಕದಲ್ಲಿ.

ಗಪ್ಪಿ ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತದೆ. ಒಂದು ತಿಂಗಳಿಗೊಮ್ಮೆ. ತಾಯಿಯೇ ತಿಂದುಬಿಡಬಹುದು ಅಂತ ಪಾಚಿ, ಗಿಡ ದಟ್ಟವಾಗಿ ಹಾಕಿದ್ದೇನೆ. ಈಗ ನಲವತ್ತಕ್ಕೂ ಜಾಸ್ತಿ ಇವೆ. ಹೆಚ್ಚಾದವನ್ನು ಹೊಳೆಗೆ ಮಾತ್ರ ಬಿಡಬೇಡಿ ಅಂತ ಅಂಗಡಿಯ ತಮ್ಮ ಹೇಳಿದ್ದಾನೆ. ಹೊರಗಿನ ಮೀನು, ನಮ್ಮ ತುಂಗೆಯ ಮೀನಿಗೆ ತೊಂದರೆ. ಕೇಳಿದವರಿಗೆ ಕೊಡುತ್ತೇನೆ.

ಹೋದ ವಾರ ಅಮ್ಮ ಫೋನ್ ಮಾಡಿದ್ದಳು. ಊರ ಮನೆಯ ಅಂಗಳದಲ್ಲಿ ಒಂದು ಹಳೇ ಕಲ್ಲುಮರಿಗೆ ಇದೆ. ಮಳೆ ನೀರು ನಿಂತು ಸೊಳ್ಳೆ ಮರಿ. ಡೆಂಗಿ, ಮಲೇರಿಯಾ ತಡೆಯೋಕೆ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಡುತ್ತಾರಲ್ಲ, ಅದು ಅವಳಿಗೂ ಗೊತ್ತು. "ಆರು ಮೀನು ತಗೊಂಡು ಬಾರೆ" ಅಂದಳು. ಅಣ್ಣನ ಕೈಯಲ್ಲಿ ಕಳಿಸಲಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬೇಡ. ನಿನ್ನ ಕೈಯಾರೆ ಬಿಡು" ಅಂದಳು.

ಕವರಿನಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಬಿಟ್ಟು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಹಲಸಿನ ಮರದ ಬುಡಕ್ಕೆ ಇಡಲು ದಾಸವಾಳ ಕಿತ್ತಿಟ್ಟಿದ್ದೇನೆ, ಜೊತೆಗೆ ಹಾಲಿನ ಹುಡುಗ ಇವತ್ತು ಕೊಟ್ಟು ಹೋದ ಒಂದು ಬಿಸ್ಕತ್ತೂ ಇದೆ. ತೀರ್ಥಹಳ್ಳಿ ಬಸ್ಸು ಹನ್ನೊಂದಕ್ಕೆ. ಹೊರಡುತ್ತೇನೆ.