ನೇಮ್ ಬೋರ್ಡಿಗೆ ಕನ್ನಡದ ಪ್ಯಾಟರ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ರಂಗೋಲಿ ಬರುತ್ತೆ, ಎಂಬ್ರಾಯಿಡರಿ ಡಿಸೈನ್ ಬರುತ್ತೆ, ಮಕ್ಕಳಿಗೆ ಚುಕ್ಕಿ ಸೇರಿಸೋ ಚಿತ್ರನೂ ಬರುತ್ತೆ, ಸ್ಕ್ರೋಲ್ ಸಾ ಇಟ್ಕೊಂಡೋರಿಗೆ ಮಾತ್ರ ಒಂದು ಗೆರೆನೂ ಇಲ್ಲ. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ ಇದು ಮರದಲ್ಲಿ ಜಾಲರಿ, ಹೂವು, ಅಕ್ಷರ ಕತ್ತರಿಸೋ ಮಷೀನು, ಒಂದು ಮಿಲಿಮೀಟರ್ ಆಸುಪಾಸು ಅಗಲದ ಬ್ಲೇಡು ಮೇಲೆ ಕೆಳಗೆ ಓಡ್ತಿರುತ್ತೆ, ನಾವು ಹಲಗೆ ತಿರುಗಿಸ್ತಾ ಗೆರೆ ಮೇಲೇ ಹೋಗ್ಬೇಕು. ಬೆಂಗಳೂರಿನ ಹಳೇ ಬಂಗಲೆಗಳ ಮಂಕಿ ಟಾಪ್, ಅಂದ್ರೆ ಕಿಟಕಿ ಮೇಲಿನ ಚೂಪು ಸೂರಿನ ಹತ್ರ ಕಾಣುತ್ತಲ್ಲ ಮರದ ಕುಸುರಿ, ಅದೇ ಜಾತಿ ಕೆಲಸ. ಮೈಸೂರಿನ ಇನ್ಲೇ ಕೆಲಸದೋರೂ ಬೀಟೆ ಹಲಗೇಲಿ ಕೂರಿಸೋ ತುಂಡುಗಳನ್ನ ಮೊದಲು ಕಾಗದದಲ್ಲಿ ಡಿಸೈನ್ ಬರ್ಕೊಂಡೇ ಸಣ್ಣ ಗರಗಸದಲ್ಲಿ ಕತ್ತರಿಸೋದು. ಹಂಗಾಗಿ ಪ್ಯಾಟರ್ನ್, ಅಂದ್ರೆ ಕಾಗದದ ಮೇಲೆ ಬರೆದ ಡಿಸೈನ್ ನೋಡಿ ಮಾಡೋದು ಏನ್ ಮಹಾ, ಬರೀ ಕಾಪಿ ಅನ್ನೋರ ಮಾತನ್ನ ನಾನು ಒಪ್ಪಲ್ಲ. ಪುಸ್ತಕ ನೋಡಿ ರಂಗೋಲಿ ಹಾಕಿದ್ರೆ ಯಾರಾದ್ರೂ ಬೈತಾರಾ?

ಶುರು ಮಾಡೋಕೆ ಮಷೀನೇ ಬೇಕು ಅಂತೇನಿಲ್ಲ. ಫ್ರೆಟ್ ಸಾ ಅನ್ನೋ ಯು ಆಕಾರದ ಕೈಗರಗಸ ಸಾಕು, ಬ್ಲೇಡಿನ ಹಲ್ಲು ಹಿಡಿ ಕಡೆ ಮುಖ ಮಾಡಿರ್ಬೇಕು ಅಷ್ಟೇ, ಕೆಳಗೆ ಎಳೆದಾಗ ಕಟ್ ಆಗೋದು. 6 ಎಂಎಂ ಪ್ಲೈವುಡ್ ಒಳ್ಳೇದು. ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಸಲೀಸಾಗಿ ಕಟ್ ಆಗುತ್ತೆ ನಿಜ ಆದ್ರೆ ಅದರ ಧೂಳು ತುಂಬಾ ನುಣ್ಣಗೆ, ಒಳಗೆ ಅಂಟು ಬೇರೆ, ಮಾಸ್ಕ್ ಇಲ್ದೆ ಮುಟ್ಟಬೇಡಿ. ಪ್ಯಾಟರ್ನನ್ನ ಮರಕ್ಕೇ ಫೆವಿಕಾಲಲ್ಲಿ ಅಂಟಿಸಿಬಿಟ್ರೆ ಆಮೇಲೆ ಕೆರೆದು ಕೆರೆದು ಸಾಕಾಗುತ್ತೆ, ಮೊದಲು ಮರಕ್ಕೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಗ್ಲೂ ಸ್ಟಿಕ್ ಸವರಿ ಕಾಗದ, ಅದರ ಮೇಲೆ ಪಾರ್ಸೆಲ್ಲಿಗೆ ಹಾಕೋ ಟ್ರಾನ್ಸ್‌ಪರೆಂಟ್ ಟೇಪು. ಈ ಮೇಲಿನ ಟೇಪಿಂದ ಬ್ಲೇಡು ಕಮ್ಮಿ ಬಿಸಿ ಆಗುತ್ತೆ, ಮರದ ಅಂಚು ಕಪ್ಪಾಗಲ್ಲ, ಕೆಲಸ ಮುಗಿದ್ಮೇಲೆ ಎಲ್ಲಾ ಒಟ್ಟಿಗೇ ಸಿಪ್ಪೆ ಥರ ಎದ್ದು ಬರುತ್ತೆ. ಒಳಗಿನ ತೂತುಗಳನ್ನೆಲ್ಲ ಮುಗಿಸಿ ಕೊನೇಲಿ ಹೊರಗಿನ ಗೆರೆ, ಉಲ್ಟಾ ಮಾಡಿದ್ರೆ ಹಿಡ್ಕೊಳ್ಳೋಕೆ ಜಾಗನೇ ಇರಲ್ಲ.

ಮಷೀನ್ ತಗೊಂಡೋರು ಮೊದಲ ದಿನವೇ ಬೈಯೋದು ಒಂದೇ ವಿಷಯಕ್ಕೆ, ನೇರ ತಳ್ಳಿದ್ರೂ ಬ್ಲೇಡು ಬಲಕ್ಕೆ ಎಳೀತು ಅಂತ. ಅದು ಮಷೀನಿನ ತಪ್ಪಲ್ಲ. ಬ್ಲೇಡ್ ಮಾಡುವಾಗ ಹಲ್ಲಿನ ಒಂದು ಪಕ್ಕದಲ್ಲಿ ಸಣ್ಣ ಚೂಪು ಉಳ್ಕೊಳ್ಳುತ್ತೆ, ಆ ಕಡೆ ಜಾಸ್ತಿ ಕಟ್ ಆಗುತ್ತೆ, ಹಲಗೇನ ಸ್ವಲ್ಪ ಓರೆಯಾಗಿ ಕೊಟ್ರೆ ಗೆರೆ ಸಿಗುತ್ತೆ, ಕೈಗೆ ಅದು ಬೇಗ ಅಭ್ಯಾಸ ಆಗೋಗುತ್ತೆ. ಬ್ಲೇಡು ಬಿಗಿ ಇದ್ರೆ ಬೆರಳಲ್ಲಿ ಮೀಟಿದಾಗ ಟಿಣ್ ಅನ್ಬೇಕು.

ಈಗ ಪ್ಯಾಟರ್ನ್ ವಿಷಯ. ಇಂಟರ್ನೆಟ್ಟಲ್ಲಿ ಫ್ರೀಯಾಗೇ ಬೇಕಾದಷ್ಟು ಸಿಗುತ್ತೆ, ಬಹಳಷ್ಟು ಅಮೆರಿಕದ್ದು, ಅವರ ಕಾಗದದ ಅಗಲ 216 ಎಂಎಂ, ನಮ್ಮ ಎ4 210. ಪ್ರಿಂಟ್ ಅಂಗಡೀಲಿ ಫಿಟ್ ಟು ಪೇಜ್ ಒತ್ತಿ ಕೊಟ್ಬಿಡ್ತಾರೆ, ಡಿಸೈನ್ ಕುಗ್ಗುತ್ತೆ. ಗೋಡೆಗೆ ಹಾಕೋ ಹೂವಾದ್ರೆ ನಡೆಯುತ್ತೆ, ಎರಡು ತುಂಡು ಒಂದಕ್ಕೊಂದು ಸಿಕ್ಕಿಸೋ ಸ್ಟ್ಯಾಂಡ್ ಆದ್ರೆ ಗಾಡಿ ನಿಂತೋಯ್ತು, ಯಾಕಂದ್ರೆ ಸಿಕ್ಕಿಸೋ ಸೀಳಿನ ಅಗಲ ಮರದ ದಪ್ಪಕ್ಕೆ ಲೆಕ್ಕ ಹಾಕಿರ್ತಾರೆ. ಅವರ ಕಾಲಿಂಚು ಅಂದ್ರೆ 6.35 ಎಂಎಂ, ನಮ್ಮದು 6, ಪೂರ್ತಿ ಸೈಜಲ್ಲಿ ಪ್ರಿಂಟ್ ತೆಗೆದ್ರೂ ಲೊಡಲೊಡ ಅನ್ನುತ್ತೆ. ಕತ್ತರಿಸೋಕೆ ಮುಂಚೆ ಆ ಸೀಳಿನ ಗೆರೇನ ನಮ್ಮ ಪ್ಲೈವುಡ್ ದಪ್ಪ ಇಟ್ಟು ಮತ್ತೆ ಎಳ್ಕೋಬೇಕು.

ನನ್ನ ನಿಜವಾದ ತಕರಾರು ಅಕ್ಷರದ್ದು. ಮನೆ ಹೆಸರಿನ ಬೋರ್ಡ್ ಎಲ್ಲರಿಗೂ ಬೇಕು, ಇಂಗ್ಲಿಷ್ ಅಕ್ಷರದ ಪ್ಯಾಟರ್ನ್ ರಾಶಿ ರಾಶಿ ಇದೆ, ಕನ್ನಡದ್ದು ನನಗಂತೂ ಹುಡುಕಿದ್ರೂ ಸಿಗ್ಲಿಲ್ಲ. ಕಂಪ್ಯೂಟರ್ ಫಾಂಟನ್ನೇ ದಪ್ಪ ಮಾಡಿ ಪ್ರಿಂಟ್ ತಗೊಂಡ್ರಾಯ್ತು ಅಂತೀರಾ, ಆಗಲ್ಲ. ಲಕ್ಷ್ಮಿ ಅಂತ ಕತ್ತರಿಸಿ ನೋಡಿ, ಒತ್ತಕ್ಷರ ಬೇರೆ ಉದುರುತ್ತೆ. ಆನಂದ ಅಂದ್ರೆ ಸೊನ್ನೆ ಒಂಟಿಯಾಗಿ ನಿಲ್ಲುತ್ತೆ. ಹಲಗೆ ಉಳಿಸಿಕೊಂಡು ಅಕ್ಷರಾನೇ ತೂತು ಮಾಡೋದಾದ್ರೆ ಇನ್ನೂ ಫಜೀತಿ, ರ, ಠ ಇಂಥವುಗಳ ಹೊಟ್ಟೆ ಒಳಗಿನ ಮರ ಪೂರ್ತಿ ಕಳಚಿ ಬೀಳುತ್ತೆ. ಹಂಗಾಗಿ ಎಲ್ಲೆಲ್ಲಿ ಸಣ್ಣ ಸೇತುವೆ ಬಿಡ್ಬೇಕು, ಒತ್ತನ್ನ ಮೇಲಿನ ಅಕ್ಷರಕ್ಕೆ ಯಾವ ಕಡೆಯಿಂದ ಅಂಟಿಸಿದ್ರೆ ಓದೋಕೆ ತೊಂದರೆ ಆಗಲ್ಲ, ಇದನ್ನ ಅಕ್ಷರ ಬರೆಯೋ ಕೈ ಇರೋರೇ ಯೋಚಿಸ್ಬೇಕು. ನಿಮ್ಮ ಕಚೇರೀಲಿ ಕಲಾವಿದರು ಇದಾರೆ, ಪುರವಣಿ ಹೆಡ್ಡಿಂಗಿಗೆ ಎಷ್ಟು ಚೆನ್ನಾಗಿ ಅಕ್ಷರ ಬರೀತಾರೆ, ಅವರ ಕೈಲೇ ಬರೆಸಿ. ಲೇಸರಲ್ಲಿ ಕಟ್ ಮಾಡಿಸಿದ್ರೂ ಉದುರೋದು ಉದುರುತ್ತೆ, ಹಂಗೆ ಮಾಡಿಸೋರಿಗೂ ಇದೇ ಪ್ಯಾಟರ್ನ್ ಉಪಯೋಗಕ್ಕೆ ಬರುತ್ತೆ.

ಹಾಕೋದಾದ್ರೆ ಎರಡು ಕೋರಿಕೆ. ಡಿಸೈನ್ ಪಕ್ಕದಲ್ಲಿ 5 ಸೆಂಟಿಮೀಟರಿನ ಒಂದು ಅಳತೆ ಗೆರೆ ಹಾಕಿ, ಜೆರಾಕ್ಸ್ ಮಾಡಿಸಿದ್ಮೇಲೆ ಸ್ಕೇಲ್ ಇಟ್ಟು ನೋಡ್ಕೋಬಹುದು. ಇನ್ನೊಂದು, ಇದನ್ನ ನೋಡಿ ಮಾಡಿದ ವಸ್ತು ಮಾರಬಹುದಾ ಇಲ್ವಾ ಅಂತ ಕೆಳಗೆ ಸ್ಪಷ್ಟವಾಗಿ ಬರೀರಿ. ಚಿತ್ರದ ಹಕ್ಕು ನಮ್ಮ ದೇಶದಲ್ಲಿ ಕಲಾವಿದರು ಇರೋವರೆಗೂ, ಅವರ ನಂತರ 60 ವರ್ಷನೂ ಇರುತ್ತೆ. ಎಷ್ಟೋ ಡಿಸೈನರ್‌ಗಳು ನೀವು ಕೈಯಾರೆ ಕತ್ತರಿಸಿದ್ದನ್ನ ನಾಲ್ಕು ಜನಕ್ಕೆ ಮಾರ್ಕೊಳ್ಳಿ, ಪ್ಯಾಟರ್ನ್ ಫೈಲನ್ನ ಮಾತ್ರ ಹಂಚಬೇಡಿ ಅಂತ ಬರೆದಿರ್ತಾರೆ, ನಮ್ಮ ಜನ ಸರಿಯಾಗಿ ಉಲ್ಟಾ, ಒಂದೂ ಕತ್ತರಿಸಲ್ಲ, ಫೈಲ್ ಮಾತ್ರ ವಾಟ್ಸಾಪಲ್ಲಿ ಇಡೀ ಊರಿಗೆ ಕಳಿಸ್ತಾರೆ. ಮೊದಲನೇದಾಗಿ ಒತ್ತಕ್ಷರ ಇರೋ ಹೆಸರೇ ಹಾಕಿ ಸಾರ್, ಕಮಲ ವಿಮಲ ಎಲ್ಲ ನಾವೇ ಹೆಂಗೋ ಮಾಡ್ಕೋತೀವಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ತುಮಕೂರು