ಎರಡನೆಯ ಸಲ ಬಂದವರಿಗೂ ಮಂಗಳೂರು ತೋರಿಸೋಣ

ಮಾನ್ಯ ಸಂಪಾದಕರೇ,

ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಒಂದು ಚಿತ್ರ, ಜೊತೆಗೆ ಸಣ್ಣ ಸುದ್ದಿ ಬರುತ್ತದೆ. ಯಕ್ಷಗಾನದ ವೇಷದವರು ಸ್ವಾಗತಿಸಿದರು. ಪ್ರವಾಸಿಗರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲೋಶಿಯಸ್ ಚಾಪೆಲ್, ಕುದ್ರೋಳಿ ದೇವಸ್ಥಾನ ನೋಡಿ ಸಂಜೆಗೆ ಹಡಗು ಹತ್ತಿದರು. ಮೊದಲ ಸಲ ಬಂದವರಿಗೆ ಈ ನಾಲ್ಕೂ ಬೇಕು, ಅದರಲ್ಲಿ ತಕರಾರಿಲ್ಲ. ನಾನು ಬರೆಯುತ್ತಿರುವುದು ಎರಡನೆಯ ಸಲ ಬರುವವರ ವಿಷಯ. ಅವರ ಸಂಖ್ಯೆ ಎಷ್ಟೆಂಬ ಲೆಕ್ಕ ನನ್ನಲ್ಲಿಲ್ಲ. ಆದರೆ ಹಡಗು ಬಂದ ದಿನಗಳಲ್ಲಿ ನಮ್ಮ ಕಾರಿಗೆ ಹತ್ತಿದವರಲ್ಲಿ ಅಂಥವರನ್ನು ಮತ್ತೆ ಮತ್ತೆ ಕಂಡಿದ್ದೇನೆ.

ನಾನು ಜೆಪ್ಪುವಿನವನು. ತಂದೆ ಹಂಚಿನ ಕಾರ್ಖಾನೆಯಲ್ಲಿದ್ದರು. ನಾನು ಮೂವತ್ತೊಂದು ವರ್ಷ ಮುದ್ರಣಾಲಯವೊಂದರಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸಿದೆ. ಕಂಪ್ಯೂಟರ್ ಬಂದು ಆ ಕೆಲಸ ಮುಗಿದ ಮೇಲೆ, ಹಡಗು ಬಂದ ದಿನ ಅಕ್ಕನ ಮಗನ ಟ್ಯಾಕ್ಸಿಯಲ್ಲಿ ಅವನ ಪಕ್ಕ ಕುಳಿತು, ಬಂದವರಿಗೆ ಊರಿನ ವಿಷಯ ಹೇಳುತ್ತೇನೆ.

ಕಳೆದ ಫೆಬ್ರವರಿಯಲ್ಲಿ ಜರ್ಮನಿಯ ವೃದ್ಧ ದಂಪತಿ ನಮ್ಮ ಕಾರಿಗೆ ಬಂದರು. ನಾನು ಎಂದಿನಂತೆ ಕಾರ್ಕಳದ ಹೆಸರು ಹೇಳುತ್ತಿದ್ದಂತೆ ಆಕೆ ಮೊಬೈಲ್ ತೆರೆದು ಫೋಟೊ ತೋರಿಸಿದರು. ಗೊಮ್ಮಟನ ಕಾಲ ಬಳಿ ಅವರಿಬ್ಬರೂ ನಿಂತಿದ್ದಾರೆ, ಆರು ವರ್ಷದ ಹಿಂದಿನದು. ಮೂಡುಬಿದಿರೆಯದೂ ಇತ್ತು, ಕುದ್ರೋಳಿಯದೂ ಇತ್ತು. ‘ಈ ಸಲ ರಸ್ತೆಯಲ್ಲಿ ಹೊತ್ತು ಕಳೆಯುವುದು ಬೇಡ, ಊರನ್ನೇ ತೋರಿಸಿ’ ಎಂದರು. ಅಕ್ಕನ ಮಗನ ಮುಖ ಸಪ್ಪಗಾಯಿತು. ದೂರದ ಓಟವಿಲ್ಲದಿದ್ದರೆ ಬಾಡಿಗೆ ಕಡಿಮೆ. ಕೊನೆಗೆ ಇಡೀ ದಿನಕ್ಕೆ ಇಷ್ಟು ಎಂದು ಮಾತಾಯಿತು. ಇದನ್ನು ಏಕೆ ಬರೆಯುತ್ತೇನೆಂದರೆ, ಚಾಲಕನ ದಿನದ ದುಡಿಮೆಗೆ ಪೆಟ್ಟು ಬೀಳುವಂತಿದ್ದರೆ ಯಾವ ಹೊಸ ದಾರಿಯೂ ನಡೆಯುವುದಿಲ್ಲ. ಅಂಗಡಿಗಳಿಂದ ಸಿಗುವ ಕಮಿಷನ್ ನಂಬಿಕೊಂಡು ಪ್ರವಾಸಿಗರನ್ನು ಸುತ್ತಿಸುವ ಪದ್ಧತಿ ಬೆಳೆದಿರುವುದೂ ಅದೇ ಕಾರಣಕ್ಕೆ. ದಿನದ ಬಾಡಿಗೆ ನ್ಯಾಯವಾಗಿ ಗೊತ್ತುಮಾಡಿದರೆ ಅದು ತಾನಾಗಿ ಕಡಿಮೆಯಾಗುತ್ತದೆ.

ಹೊತ್ತಿನ ಲೆಕ್ಕವನ್ನೂ ನೋಡಿ. ಇಳಿದು, ತಪಾಸಣೆ ಮುಗಿಸಿ ಗೇಟಿನ ಹೊರಗೆ ಬರುವಾಗ ಎಂಟೂವರೆ. ಮೂರೂವರೆಗೆ ಹಡಗಿನಲ್ಲಿರಬೇಕು. ಸಿಗುವ ಏಳು ಗಂಟೆಯಲ್ಲಿ ಕಾರ್ಕಳಕ್ಕೆ ಹೋಗಿಬರಲು ಮೂರು ಗಂಟೆ ರಸ್ತೆಗೇ ಸಲ್ಲುತ್ತದೆ. ಪಣಂಬೂರಿನಿಂದ ಪೇಟೆ ಹತ್ತು ಕಿಲೋಮೀಟರ್ ಅಷ್ಟೇ.

ಅವರನ್ನು ಮೊದಲು ಬಲ್ಮಠಕ್ಕೆ ಕರೆದೊಯ್ದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ಹೂಡಿದ್ದು 1841ರಲ್ಲಿ. ಅಲ್ಲಿಂದಲೇ 1843ರ ಜುಲೈ 1ರಂದು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನಾವು ಪತ್ರಿಕಾ ದಿನ ಆಚರಿಸುವುದು ಆ ತಾರೀಕಿಗೇ. ಅದು ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಜಿಡ್ಡಿನ ಮಸಿಯ ಬರಹವನ್ನು ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಶಾಯಿ ಸವರಿದರೆ ಬರಹವಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಮೊಳೆಯೂ ಬೇಡ, ಮೊಳೆ ಜೋಡಿಸುವವನೂ ಬೇಡ. ಐವತ್ತು ವರ್ಷಗಳ ಬಳಿಕ, 1894ರಲ್ಲಿ, ಇನ್ನೊಬ್ಬ ಜರ್ಮನ್ ಪಾದ್ರಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಇದೇ ಮಿಷನ್ನಿನ ಅಚ್ಚುಕೂಟದಿಂದ ಬಂತು. ಸುಮಾರು ಎಪ್ಪತ್ತು ಸಾವಿರ ಶಬ್ದ. ಒತ್ತು, ಕೊಂಬು, ದೀರ್ಘ ಎಲ್ಲ ಸೇರಿ ಕನ್ನಡದ ಮೊಳೆಪೆಟ್ಟಿಗೆಗೆ ಎಷ್ಟೊಂದು ಖಾನೆ ಬೇಕೆಂಬುದು ಕೈಯಿಟ್ಟವನಿಗೆ ಗೊತ್ತು. ಆ ಪುಟಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಬೇರೆ. ಅದನ್ನು ಜೋಡಿಸಿದ ಕೈಗಳ ಹೆಸರು ನನಗೆ ಎಲ್ಲಿಯೂ ಸಿಕ್ಕಿಲ್ಲ.

ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ, ಜರ್ಮನಿಯ ಟ್ಯೂಬಿಂಗನ್ ಊರಿನಲ್ಲಿ ಎಂದು ಹೇಳಿದೆ. ಆ ಯಜಮಾನರು ನಡೆಯುತ್ತಿದ್ದವರು ನಿಂತೇಬಿಟ್ಟರು. ಅವರ ಮನೆಯಿಂದ ಟ್ಯೂಬಿಂಗನ್‌ಗೆ ಒಂದು ಗಂಟೆಯ ದಾರಿಯಂತೆ. ಆರು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿದ್ದರು, ಯಾರೂ ಹೇಳಿರಲಿಲ್ಲ. ನಾನು ಕೆಲಸ ಬಿಟ್ಟಾಗ ತಂದಿದ್ದ ಒಂದು ಹಿಡಿ ಮೊಳೆ ಸಣ್ಣ ಡಬ್ಬಿಯಲ್ಲಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗಿರುವ ‘ಕ’ ಒಂದನ್ನು ಆಕೆಯ ಅಂಗೈ ಮೇಲಿಟ್ಟೆ. ಬೆರಳಿನಿಂದ ಸವರಿ ಸವರಿ ನೋಡಿದರು.

ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಪುಸ್ತಕ, ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಅದು ಅಧ್ಯಯನಕ್ಕಾಗಿ ಇರುವ ಭಂಡಾರ. ಬಸ್ಸುಗಟ್ಟಲೆ ಜನ ನುಗ್ಗುವ ಜಾಗವಲ್ಲ, ನುಗ್ಗಲೂಬಾರದು. ಮುಂಚಿತವಾಗಿ ಕೇಳಿಕೊಂಡು ಹೋಗುವ ನಾಲ್ಕೈದು ಜನರ ಮಾತನ್ನಷ್ಟೇ ಆಡುತ್ತಿದ್ದೇನೆ.

ಆಮೇಲೆ ಹಳೆ ಬಂದರು. ದೋಣಿಗಳಿಂದ ಮೀನು ಇಳಿಸುವ ದಕ್ಕೆಯ ಗಲಾಟೆ, ಮೀನಿನ ವಾಸನೆ, ಲಕ್ಷದ್ವೀಪಕ್ಕೆ ಹೊರಡಲು ಸರಕು ತುಂಬಿಕೊಳ್ಳುವ ಮಂಜಿ ಎಂಬ ದೊಡ್ಡ ದೋಣಿಗಳು. ಇದನ್ನು ಬಣ್ಣ ಬಳಿದು ತೋರಿಸಬೇಕಾಗಿಲ್ಲ. ಝೀನತ್ ಭಕ್ಷ್ ಮಸೀದಿಯಲ್ಲಿ ಅನುಮತಿ ಕೇಳಿ, ತಲೆಗೆ ಬಟ್ಟೆ ಹಾಕಿಕೊಂಡು, ಮರದ ಕೆತ್ತನೆಯನ್ನು ನೋಡಿದರು. ಶುಕ್ರವಾರ ಮಧ್ಯಾಹ್ನ ಮಾತ್ರ ಯಾರೂ ಅತ್ತ ಹೋಗಬಾರದು.

ಅಲ್ಲಿಂದ ಕಡವಿನ, ಅಂದರೆ ಹೊಳೆ ದಾಟಿಸುವ, ದೋಣಿ ಹತ್ತಿ ಆಚೆ ದಡದ ಬೆಂಗ್ರೆಗೆ ದಾಟಿದೆವು. ನನ್ನನ್ನು ಕೇಳಿದರೆ ಮಂಗಳೂರನ್ನು ನೋಡಬೇಕಾದದ್ದು ಈ ದೋಣಿಯಿಂದ. ಫಲ್ಗುಣಿ ನದಿ ಬದಿಯಲ್ಲಿ, ನೇತ್ರಾವತಿ ಎದುರಿನಿಂದ. ಎರಡೂ ಕೂಡಿ ಅಳಿವೆಬಾಗಿಲಿನಲ್ಲಿ ಕಡಲಿಗೆ ಸೇರುತ್ತವೆ. ಹಿಂದಿರುಗಿ ನೋಡಿದರೆ ತೆಂಗಿನ ತಲೆಗಳ ನಡುವೆ ಹಂಚಿನ ಮಾಡುಗಳು, ಅವುಗಳ ಮೇಲೆ ಈಗಿನ ಎತ್ತರದ ಕಟ್ಟಡಗಳು. ದೋಣಿಯಲ್ಲಿ ಶಾಲೆಯ ಮಕ್ಕಳು, ಬುಟ್ಟಿ ಹಿಡಿದ ಹೆಂಗಸರು. ಒಬ್ಬಾಕೆ ತುಳುವಿನಲ್ಲಿ ಕುಡ್ಲ ಎಂದರು. ಪಕ್ಕದಲ್ಲಿದ್ದವರು ಬ್ಯಾರಿಯಲ್ಲಿ ಮೈಕಾಲ ಎಂದರು. ಕೊಂಕಣಿಯವರ ಕೊಡಿಯಾಲವನ್ನು ನಾನು ಸೇರಿಸಿದೆ. ಊರು ಒಂದೇ, ಹೆಸರುಗಳು ಇಷ್ಟು. ದಂಪತಿ ಮೂರನ್ನೂ ಬರೆದುಕೊಂಡರು.

ಆ ದೋಣಿಯಲ್ಲಿ ಅವರಿಗೆ ಅಬ್ರಹಾಂ ಬೆನ್ ಯಿಜುವಿನ ಕಥೆ ಹೇಳಿದೆ. ಟ್ಯುನೀಸಿಯ ಕಡೆಯ ಯಹೂದಿ ವ್ಯಾಪಾರಿ. ಹನ್ನೆರಡನೆಯ ಶತಮಾನದಲ್ಲಿ, 1132ರ ಹೊತ್ತಿಗೆ ಇಲ್ಲಿದ್ದವನು 1149ರ ತನಕ ಈ ಕರಾವಳಿಯಲ್ಲೇ ಬಾಳಿದ. ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟದ್ದು ಮಂಗಳೂರಿನಲ್ಲಿ. ಅವಳನ್ನೇ ಮದುವೆಯಾದನೆಂದು ವಿದ್ವಾಂಸರು ಹೇಳುತ್ತಾರೆ. ಬೊಮ್ಮ ಎಂಬ ಇಲ್ಲಿಯ ಆಳು ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡ. ಇಲ್ಲಿಂದ ಹೋದದ್ದು ಮೆಣಸು, ಅಡಕೆ, ಕಬ್ಬಿಣ, ಕಂಚಿನ ಸಾಮಾನು. ಅಲ್ಲಿನ ಗೆಳೆಯರು ಅವನಿಗೆ ಕಳುಹಿಸಿದ ಉಡುಗೊರೆಗಳಲ್ಲಿ ಸಕ್ಕರೆ, ದ್ರಾಕ್ಷಿಯ ಜೊತೆ ಬರೆಯುವ ಕಾಗದವೂ ಇತ್ತು. ಆ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯದ ಕೋಣೆಯೊಂದರಲ್ಲಿ ನೂರಾರು ವರ್ಷ ಬಿದ್ದಿದ್ದವು. ಆದ್ದರಿಂದ ನಮಗೆ ಇಷ್ಟು ತಿಳಿದಿದೆ. ಮೂವತ್ತೊಂದು ವರ್ಷ ಕಾಗದದ ರೀಮುಗಳ ನಡುವೆ ಇದ್ದ ನನಗೆ, ಒಂದಿಷ್ಟು ಕಾಗದ ಕಡಲು ದಾಟಿ ಈ ಅಳಿವೆಗೆ ಬಂತೆಂಬುದು ಗೊಮ್ಮಟನಷ್ಟೇ ದೊಡ್ಡದಾಗಿ ಕಾಣುತ್ತದೆ. ಬಂದರಿನಲ್ಲಿ ಇದನ್ನು ಹೇಳುವ ಒಂದು ಫಲಕವನ್ನೂ ನಾನು ಕಂಡಿಲ್ಲ.

ಚಾಪೆಲ್‌ಗೆ ಎರಡನೆಯ ಸಲ ಹೋಗಬೇಕೇ ಎಂದು ಕೇಳಿದರು. ಹೋಗಬೇಕು, ಆದರೆ ಕುಳಿತು ನೋಡಬೇಕು. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಕುಂಚ ಹಿಡಿದು ತುಂಬಿಸಿದ ಗೋಡೆ, ಚಾವಣಿಗಳನ್ನು ಪ್ರವಾಸದ ಬಸ್ಸಿನವರು ಹದಿನೈದು ನಿಮಿಷದಲ್ಲಿ ಮುಗಿಸುತ್ತಾರೆ. ಇವರು ಮುಕ್ಕಾಲು ಗಂಟೆ ಮೌನವಾಗಿ ಕುಳಿತಿದ್ದರು. ಕದ್ರಿ ದೇವಸ್ಥಾನದಲ್ಲಿ ಹೊತ್ತು ಸಾಲದೆ 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನಷ್ಟೇ ನೋಡಿ ಬಂದೆವು. ನಡುವೆ ಹಂಪನಕಟ್ಟೆಯ ಹೋಟೆಲಿನಲ್ಲಿ ನೀರುದೋಸೆ ತಿಂದರು, ಬನ್ಸ್ ಕಟ್ಟಿಸಿಕೊಂಡರು.

ಎಲ್ಲವೂ ಸುಸೂತ್ರವಾಗಲಿಲ್ಲ. ಹಳೆಯ ವಸ್ತುಗಳನ್ನು ಇಟ್ಟಿರುವ ಒಂದು ಕಡೆ, ತೆರೆದಿರುತ್ತದೆಂದು ಬೋರ್ಡು ಹೇಳುವ ಹೊತ್ತಿನಲ್ಲೇ ಬಾಗಿಲಿಗೆ ಬೀಗ ಇತ್ತು. ಅರ್ಧ ಗಂಟೆ ಕಾದು ಮರಳಿದೆವು. ಏಳು ಗಂಟೆಯಲ್ಲಿ ಅರ್ಧ ಗಂಟೆ ಎಂದರೆ ಸಣ್ಣ ನಷ್ಟವಲ್ಲ. ದಕ್ಕೆಯ ಸುತ್ತ ಎಪ್ಪತ್ತು ದಾಟಿದ ಹೆಂಗಸಿಗೆ ಶೌಚಾಲಯ ಹುಡುಕುವುದೂ ನಾಚಿಕೆಯ ಕೆಲಸವಾಯಿತು.

ಹಡಗುಗಳು ಬರುವ ತಾರೀಕು ಮೊದಲೇ ಗೊತ್ತಿರುತ್ತದೆ. ಆ ದಿನಗಳ ಪಟ್ಟಿಯನ್ನು ಪೇಟೆಯ ಸಂಗ್ರಹಾಲಯಗಳಿಗೆ, ದೇವಸ್ಥಾನ, ಮಸೀದಿ, ಚರ್ಚ್‌ಗಳ ಆಡಳಿತದವರಿಗೆ ಕಳುಹಿಸಿದರೆ ಅವರಿಗೆ ಅನುಕೂಲವಾದ ಒಂದು ಗಂಟೆಯನ್ನು ಅವರೇ ಹೇಳಿಯಾರು. ಬಲ್ಮಠ, ಬಂದರು, ಕಡವು, ಚಾಪೆಲ್ ಗುರುತಿಸಿದ ಒಂದು ಹಾಳೆಯ ನಕ್ಷೆಯನ್ನು ಗೇಟಿನಲ್ಲಿ ಕೊಡಲಿ. ಅದರಲ್ಲಿ ಕನ್ನಡವೂ ಇರಲಿ, ಚಾಲಕರು ಓದಿ ಹೇಳುವುದಕ್ಕೆ. ನಮ್ಮ ಶಾಲೆಯ ಮಕ್ಕಳಿಗೂ ಆ ಹಾಳೆ ಸಿಗಲಿ. ಬೆನ್ ಯಿಜುವಿನ ಹೆಸರು ಗೊತ್ತಿರುವ ಮಕ್ಕಳನ್ನು ನಾನು ಇನ್ನೂ ಕಂಡಿಲ್ಲ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಆ ದಂಪತಿ ಊರು ತಲುಪಿ ಪತ್ರ ಬರೆದಿದ್ದಾರೆ. ಮುಂದಿನ ಚಳಿಗಾಲದಲ್ಲಿ ಮತ್ತೆ ಇದೇ ದಾರಿಯ ಹಡಗು ಹತ್ತುತ್ತಾರಂತೆ. ದೋಣಿಯಿಂದ ಕಂಡ ಕೆಂಪು ಮಾಡುಗಳನ್ನು ಅವರು ಮರೆತಿಲ್ಲ. ಹಂಚು ಹೇಗೆ ಮಾಡುತ್ತಾರೆಂದು ನೋಡಬೇಕಂತೆ. ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಈ ಉದ್ಯಮ ಆರಂಭಿಸಿದ್ದು ನಮ್ಮ ಜೆಪ್ಪುವಿನಲ್ಲೇ. ನನ್ನ ತಂದೆ ದುಡಿದ ಕಾರ್ಖಾನೆಯ ಜಾಗದಲ್ಲಿ ಈಗ ವಸತಿ ಸಮುಚ್ಚಯವಿದೆ. ಮಣ್ಣು ಹದ ಮಾಡುವುದು, ಅಚ್ಚು ಒತ್ತುವುದು, ಗೂಡಿನಲ್ಲಿ ಸುಡುವುದು ಇನ್ನೂ ನಡೆಯುತ್ತಿರುವ ಕಾರ್ಖಾನೆ ಪೇಟೆಯಿಂದ ಒಂದು ಗಂಟೆಯ ಒಳಗಿನ ದಾರಿಯಲ್ಲಿದ್ದು, ಅದರ ಮಾಲೀಕರು ಇಬ್ಬರು ವೃದ್ಧರಿಗೆ ಒಂದು ಬೆಳಿಗ್ಗೆ ಬಾಗಿಲು ತೆರೆಯುವುದಾದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ನವೆಂಬರ್‌ನಲ್ಲಿ ಹಡಗುಗಳು ಶುರುವಾಗುವ ಮೊದಲು ನಾನೇ ಬಂದು ನೋಡಿಕೊಂಡು ಹೋಗುತ್ತೇನೆ.

– ನಿವೃತ್ತ ಮೊಳೆ ಜೋಡಣೆಗಾರ, ಜೆಪ್ಪು, ಮಂಗಳೂರು